ಖಾಲಿ ಮನಿ ಅಂದ್ರ ಸೊನ್ನೆ ಅಲ್ಲ

1/8
ಫೋಟೋ: ಕೀಲಿ ಹಾಕಿದ ಒಂದು ಬಾಗಿಲು

ದೋಸ್ತರೇ, ಮೊದಲು ನನ್ನ ತಪ್ಪು ಹೇಳ್ತೀನಿ, ಆಮ್ಯಾಲ ಇತಿಹಾಸ.

ಹೋದ ಸೆಮಿಸ್ಟರ್‌ನಾಗ ಪ್ರಾಜೆಕ್ಟಿಗಂತ ನಾವು ಐದು ಮಂದಿ ಸುರಪುರ ತಾಲ್ಲೂಕಿನ ಒಂದು ಊರಿಗೆ ಹೋಗಿದ್ವಿ. 60 ಮನಿ ಸರ್ವೆ. ಪ್ರಶ್ನೆ ಒಂದೇ: ಈ ಮನಿಯಿಂದ ಎಷ್ಟು ಮಕ್ಕಳು ಶಾಲಿಗೆ ಹೋಗ್ತಾರ? 49 ಮನಿಯಾಗ ಉತ್ತರ ಸಿಕ್ತು. ಉಳಿದ 11 ಮನಿಗೆ ಕೀಲಿ. ಎಲ್ಲಾರೂ ಗುಳೆ ಹೋಗಿದ್ರು. ಕೆಲವರು ಬೆಂಗಳೂರು, ಕೆಲವರು ಪುಣೆ, ಮುಂಬೈ.

ಎಕ್ಸೆಲ್ ಶೀಟ್ ತುಂಬೋ ಕೆಲಸ ನಂದು. ನಡು ನಡುವ ಖಾಲಿ ಬಿಟ್ರ ಶೀಟ್ ಚಂದ ಕಾಣಂಗಿಲ್ಲ ಅಂತ ಆ 11 ಮನಿ ಮುಂದ 0 ಹೊಡದೆ. ಕೆಳಗ ಕೌಂಟ್ ಫಾರ್ಮುಲಾ ಹಾಕಿದೆ. 60 ಅಂತ ಬಂತು. ಎವರೇಜ್ ಹಾಕಿದೆ. 1.63 ಬಂತು. ಪ್ರಿಂಟ್ ತೆಗೆದು ಸರ್ ಕೈಯಾಗ ಕೊಟ್ಟೆ.

ಸರ್ ಒಂದೇ ಮಾತು ಕೇಳಿದ್ರು: "60 ಮನಿಯವರ ಜೋಡಿ ಮಾತಾಡಿ ಬಂದೀರೇನಪಾ?"

ಇಲ್ಲ ಸರ್, 49.

"ಮತ್ತ ಈ 60 ಎಲ್ಲಿಂದ ಬಂತು?"

49 ಮನಿಯ ಒಟ್ಟು ಮಕ್ಕಳು 98. 98 ಭಾಗಿಸು 49 ಅಂದ್ರ ಸರಿಯಾಗಿ 2. ನಾನು ಹಾಕಿದ 11 ಸೊನ್ನೆಯಿಂದ ಅದು 1.63ಕ್ಕ ಇಳಿದಿತ್ತು. ಕಾಗದದ ಮ್ಯಾಲ ಆ ಊರು ಇದ್ದದ್ದಕ್ಕಿಂತ ಹಿಂದ ಬಿತ್ತು, ಅದೂ ನನ್ನ ಕೈಯಿಂದ.

ಇನ್ನೊಂದು ಮಾತು ಸರ್‌ಗೆ ಹೇಳಲಿಲ್ಲ. ಆ 11 ಮನಿಯಾಗ ಒಂದು ನಮ್ಮ ಸೋದರತ್ತಿದು. ಅತ್ತಿ ಮಾವ ಬೆಂಗಳೂರಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾರ. ಇಬ್ಬರು ಮಕ್ಕಳು ಜೋಡಿಗಿದ್ದಾರ, ಒಬ್ಬಾಕಿ ಏಳನೇತ್ತ, ಒಬ್ಬಾಂವ ನಾಕನೇತ್ತ. ಅವರ ಮುಂದನೂ ನಾ 0 ಬರದಿದ್ದೆ.

ಅವತ್ತಿನಿಂದ "ಎಣಿಸೋದು" ಅಂದ್ರೇನು ಅಂತ ಹುಡುಕ್ಕೋತ ಹೊಂಟೆ. ಸಿಕ್ಕದ್ದನ್ನ ಎಂಟು ಭಾಗದಾಗ ಬರೀತೀನಿ. ಕಂಪ್ಯೂಟರ್ ಪ್ರಾಕ್ಟಿಕಲ್‌ಗೂ ಉಪಯೋಗ ಆಗ್ತದ. ಸೇವ್ ಮಾಡ್ಕೊಳ್ರಿ.

2/8
ಫೋಟೋ: ವಿಭೂತಿಹಳ್ಳಿಯ ಕಲ್ಲಿನ ಸಾಲು

ಶಹಾಪುರ ಅಂದ್ರ ಎಲ್ಲಾರೂ ಬುದ್ಧ ಮಲಗಿದ ಬೆಟ್ಟದ ಫೋಟೋ ಹಾಕ್ತಾರ. ಅಲ್ಲೇ ಹತ್ತಿರ ವಿಭೂತಿಹಳ್ಳಿ ಅದ. ಅಲ್ಲಿಗೆ ಹೋದವರು ಕಡಿಮಿ.

ಅಲ್ಲಿ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ಒಂದು ಸಾಲು, ಅದರ ಪಕ್ಕ ಇನ್ನೊಂದು ಸಾಲು. ಬೃಹತ್ ಶಿಲಾ ಸಂಸ್ಕೃತಿಯ ಕಾಲದ್ದು. ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಈ ಕಲ್ಲುಗಳ ಬಗ್ಗೆ ಮೊದಲು ಬರೆದವರಲ್ಲಿ ಒಬ್ಬ ನಮಗೆಲ್ಲ ಗೊತ್ತಿರೋ ಮನುಷ್ಯ: ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮ್ಯಾಲಿನ ಟೇಲರ್ ಮಂಜಿಲ್ ನೋಡಿರಲ್ಲ, ಅದೇ ಟೇಲರ್. 1840ರ ದಶಕದಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ಸಂಸ್ಥಾನದ ಆಡಳಿತ ನೋಡಲು ಬಂದವನು ಟೇಲರ್. ಆಡಳಿತದ ನಡುವೆ ಈ ಸೀಮೆಯ ಹಳೇ ಕಲ್ಲುಗೋರಿ, ಕಲ್ಲುವೃತ್ತ, ಕಲ್ಲುಸಾಲುಗಳನ್ನು ಸುತ್ತಾಡಿ ನೋಡಿ, ಅಳೆದು, 1850ರ ದಶಕದಲ್ಲಿ ಲೇಖನ ಬರೆದ. ಅವನ ಆತ್ಮಕಥೆ ಅಚ್ಚಾದದ್ದು 1877ರಲ್ಲಿ.

ಯಾಕ ಇಟ್ಟಾರ ಈ ಕಲ್ಲು? ಸೂರ್ಯನ ದಿಕ್ಕು ನೋಡಾಕ ಅಂತ ಕೆಲವು ವಿದ್ವಾಂಸರು, ಸತ್ತವರ ನೆನಪಿಗೆ ಅಂತ ಕೆಲವರು. ಆ ವಾದ ಅವರಿಗೆ ಬಿಡೋಣ. ನನಗ ಹಿಡಿಸಿದ್ದು ಬೇರೆ.

ಬೆಟ್ಟದಾಗ ಚೆಲ್ಲಾಪಿಲ್ಲಿ ಬಿದ್ದ ಕಲ್ಲಿನಾಗ ಒಂದು ಕಲ್ಲು ಯಾರರ ಒಯ್ದ್ರ ಗೊತ್ತಾಗಂಗಿಲ್ಲ. ವಿಭೂತಿಹಳ್ಳಿಯಾಗ ಒಂದು ಕಲ್ಲು ಇಲ್ಲ ಅಂದ್ರ ಆ ಜಾಗ ಎದ್ದು ಕಾಣ್ತದ. ಯಾಕಂದ್ರ ಮುಂದ ಒಂದು ಕಲ್ಲದ, ಹಿಂದ ಒಂದು ಕಲ್ಲದ, ನಡುವ ಖಾಲಿ. ಸಾಲು ಇದ್ದಲ್ಲಿ ಮಾತ್ರ "ಇಲ್ಲಿ ಒಂದು ಇರಬೇಕಿತ್ತು" ಅಂತ ಹೇಳಾಕ ಬರ್ತದ.

ಸ್ಪ್ರೆಡ್‌ಶೀಟ್ ಮಾಡೋದೂ ಇಷ್ಟೇ. ಉದ್ದ ಸಾಲು, ಅಡ್ಡ ಸಾಲು, ನಡುವ ಮನಿ. ಹೌದು, ಮನಿ. ಇಂಗ್ಲಿಷಿನವರು ಸೆಲ್ ಅಂತಾರ. ಚೌಕಾಬಾರ ಆಡುವಾಗ ನಾವು ಮನಿ ಅಂತೀವಿ. ಈ ಸರಣಿಯಾಗ ನಾ ಮನಿ ಅಂತನೇ ಬರೀತೀನಿ.

3/8
ಫೋಟೋ: ಮಳಖೇಡದ ಕೋಟೆ ಗೋಡೆ

ಸೊನ್ನೆಗೂ ಖಾಲಿಗೂ ಏನು ವ್ಯತ್ಯಾಸ? ಇದಕ್ಕೆ ಪಕ್ಕದ ಕಲಬುರಗಿ ಜಿಲ್ಲೆಗೆ ಹೋಗೋಣ.

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ "ಗಣಿತಸಾರ ಸಂಗ್ರಹ" ಬರೆದ. ಗ್ರಂಥದ ಮೊದಲಿಗೇ ಅಮೋಘವರ್ಷನ ಹೊಗಳಿಕೆ ಇದೆ. ಬಡ್ಡಿ, ಪಾಲು, ಅಳತೆ ಎಲ್ಲ ಅದರಲ್ಲಿದೆ. ನಮ್ಮ ಬಿಕಾಂ ಸಿಲೆಬಸ್ಸಿನ ಮುತ್ತಜ್ಜ ಅನ್ರಿ.

ಸೊನ್ನೆಗೆ ಅವನು ನಿಯಮ ಹೇಳುತ್ತಾನೆ. ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಸೊನ್ನೆ ಕೂಡಿಸಿದರೂ ಕಳೆದರೂ ಸಂಖ್ಯೆ ಹಾಗೇ ಇರುತ್ತದೆ. ಇಲ್ಲಿತನಕ ಸರಿ. ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗುವುದಿಲ್ಲ ಅಂದ. ಇದು ತಪ್ಪು. ಇವತ್ತು ಎಕ್ಸೆಲ್‌ನಾಗ ಸೊನ್ನೆಯಿಂದ ಭಾಗಿಸಿ ನೋಡ್ರಿ, ಎರರ್ ಹೊಡೀತದ. ಅಷ್ಟು ದೊಡ್ಡ ಗಣಿತಜ್ಞನೂ ಸೊನ್ನೆ ಹತ್ರ ಎಡವಿದ. ನಮಗ ಸ್ವಲ್ಪ ಸಮಾಧಾನ.

ಆದರೆ ಒಂದು ವಿಷಯದಲ್ಲಿ ಅವನಿಗಿಂತ ಮೊದಲೇ, 628ರಲ್ಲಿ ಬ್ರಹ್ಮಗುಪ್ತನ ಕಾಲಕ್ಕೇ, ತೀರ್ಮಾನ ಆಗಿತ್ತು: ಸೊನ್ನೆಯೂ ಒಂದು ಸಂಖ್ಯೆ. ಅದನ್ನು ಕೂಡಿಸಬಹುದು, ಕಳೆಯಬಹುದು.

ಇದು ತಲಿಯಾಗ ಇಟ್ಕೊಳ್ರಿ. ಸೊನ್ನೆ ಒಂದು ಉತ್ತರ. "ನಿಮ್ಮ ಮನಿಯಾಗ ಶಾಲಿಗೆ ಹೋಗೋ ಮಕ್ಕಳೆಷ್ಟು?" ಅಂತ ಕೇಳಿದಾಗ ಬಾಗಿಲು ತೆಗೆದು ಒಬ್ಬ ಅಜ್ಜಿ "ಯಾರೂ ಇಲ್ಲಪ್ಪ" ಅಂದ್ರ ಅದು 0. ಬಾಗಿಲೇ ತೆಗೀಲಿಲ್ಲ ಅಂದ್ರ ಅದು ಖಾಲಿ. ಅಲ್ಲಿ ಉತ್ತರನೇ ಬಂದಿಲ್ಲ.

ಕೌಂಟ್ ಫಾರ್ಮುಲಾಕ್ಕ ಈ ವ್ಯತ್ಯಾಸ ಗೊತ್ತದ. ಅದು ಸಂಖ್ಯೆ ಇರೋ ಮನಿ ಎಷ್ಟು ಅಂತ ಎಣಿಸ್ತದ. 0 ಇದ್ರ ಎಣಿಸ್ತದ, ಖಾಲಿ ಇದ್ರ ಬಿಡ್ತದ. ಎವರೇಜ್‌ನೂ ಹಂಗ. ನಾ ಖಾಲಿ ಬಿಟ್ಟಿದ್ರ ಕೌಂಟ್ 49 ಅಂತಿತ್ತು, ಎವರೇಜ್ 2 ಅಂತಿತ್ತು. ಮಷೀನ್ ಸರಿ ಇತ್ತು. ಸುಳ್ಳು ತುಂಬಿದ್ದು ನಾ.

4/8
ಫೋಟೋ: ನಾನೇ ಬರೆದ ಗೀಟು ಲೆಕ್ಕ, ನಾಕು ಗೀಟು, ಒಂದು ಅಡ್ಡ ಗೀಟು

1858ರಲ್ಲಿ ಸುರಪುರದ ಬಂಡಾಯ ಮುಗಿದು ರಾಜಾ ವೆಂಕಟಪ್ಪ ನಾಯಕ ತೀರಿಕೊಂಡ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ಮುಂದೆ 1948ರ ತನಕ ನಮ್ಮ ಮೂರೂ ತಾಲ್ಲೂಕು ಹೈದರಾಬಾದ್ ಸಂಸ್ಥಾನದ ಕಾಗದದಾಗ.

1881ರ ಫೆಬ್ರುವರಿ 17ರಂದು ಭಾರತದ ಬಹುಭಾಗದಲ್ಲಿ ಏಕಕಾಲಕ್ಕೆ ಜನಗಣತಿ ನಡೆಯಿತು. ಹೈದರಾಬಾದ್ ಸಂಸ್ಥಾನವೂ ಅದರೊಳಗಿತ್ತು. ಕೋಟಿಗಟ್ಟಲೆ ಜನರ ವಿವರ ಬಂತು ಅನ್ನಿ, ಎಣಿಸೋದು ಹೇಗೆ? ದೊಡ್ಡ ಹಾಳೆಯ ಮೇಲೆ ಮನೆ ಮನೆ ಗೆರೆ ಹೊಡೆದು, ಒಬ್ಬೊಬ್ಬರಿಗೂ ಒಂದೊಂದು ಗೀಟು. ಕಣ್ಣು ತಪ್ಪಿದರೆ ಗೀಟು ಪಕ್ಕದ ಮನೆಗೆ ಬಿತ್ತು.

1901ರಲ್ಲಿ ಚೀಟಿ ಪದ್ಧತಿ ಬಂತು. ಒಬ್ಬ ಮನುಷ್ಯನಿಗೆ ಒಂದು ಚೀಟಿ. ಚೀಟಿಗಳನ್ನು ಗೂಡು ಗೂಡಿಗೆ ಹಾಕಿ ವಿಂಗಡಿಸಿ ಆಮೇಲೆ ಎಣಿಸೋದು. ಓದು ಬಲ್ಲ ಹೆಂಗಸರೆಷ್ಟು ಬೇಕಂದ್ರ ಮೊದಲು ಹೆಂಗಸರ ಚೀಟಿ ಬೇರೆ, ಅದರೊಳಗ ಓದು ಬಲ್ಲವರದ್ದು ಬೇರೆ. ಎರಡು ಷರತ್ತು, ಎರಡು ಸಲ ವಿಂಗಡಣೆ.

ಅದಕ್ಕೂ ಮೊದಲು ಅಮೆರಿಕದಲ್ಲಿ ಇದೇ ಕೆಲಸಕ್ಕೆ ಯಂತ್ರ ಬಂದಿತ್ತು. 1890ರ ಜನಗಣತಿಗೆ ಹರ್ಮನ್ ಹಾಲರಿತ್ ಎಂಬ ಎಂಜಿನಿಯರ್ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆಯುವ ಪದ್ಧತಿ ತಂದ. ಕಾರ್ಡಿನ ಮೇಲೆ ಸೂಜಿಗಳು ಇಳಿಯುತ್ತವೆ. ತೂತಿದ್ದಲ್ಲಿ ಸೂಜಿ ದಾಟಿ ಕೆಳಗಿನ ಪಾದರಸ ಮುಟ್ಟುತ್ತದೆ. ಕರೆಂಟು ಹರಿಯುತ್ತದೆ, ಗಡಿಯಾರದಂಥ ಮುಳ್ಳು ಒಂದು ಹೆಜ್ಜೆ ಮುಂದೆ. ತೂತಿಲ್ಲದಿದ್ದರೆ ಮುಳ್ಳು ಅಲುಗುವುದಿಲ್ಲ. ತಂತಿ ಜೋಡಿಸಿ ಎರಡು ತೂತು ಒಟ್ಟಿಗೆ ಇದ್ದಾಗ ಮಾತ್ರ ಎಣಿಸು ಅಂತಲೂ ಹೇಳಬಹುದಿತ್ತು. ಅವನ ಕಂಪನಿ ಬೇರೆ ಕಂಪನಿಗಳ ಜೊತೆ ಸೇರಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ನಾವು ಲ್ಯಾಬಿನಾಗ ಬೈಕೋತ ಬರೆಯೋ ಕೌಂಟ್‌ಇಫ್ಸ್ ಅಂದ್ರ ಆ ಗೂಡು, ಆ ಸೂಜಿ. ಕೆಲಸ ಅದೇ, ಪಾದರಸ ಇಲ್ಲ ಅಷ್ಟೇ.

5/8
ಫೋಟೋ: ಲ್ಯಾಬಿನ ಸ್ಕ್ರೀನ್

1978. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ. ನಮ್ಮಂಗ ಕಾಮರ್ಸ್ ಕಡೆಯಾಂವ. ಲೆಕ್ಕದ ಹಾಳೆಯಲ್ಲಿ ಒಂದು ಅಂಕಿ ತಪ್ಪಿದರೆ ಅದರಿಂದ ಮುಂದಿನದೆಲ್ಲ ಅಳಿಸಿ ಮತ್ತೆ ಬರೀಬೇಕು. ಒಂದು ಅಂಕಿ ತಿದ್ದಿದರೆ ಉಳಿದದ್ದು ತಾನೇ ತಿದ್ದಿಕೊಳ್ಳುವ ಹಾಳೆ ಇದ್ದರೆ ಅಂತ ಯೋಚನೆ ಬಂತು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಪ್ರೋಗ್ರಾಂ ಬರೆದ. 1979ರಲ್ಲಿ ಆಪಲ್-2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಬಂತು. 254 ಅಡ್ಡ ಸಾಲು, 63 ಕಂಬಸಾಲು. ಸಮ್, ಎವರೇಜ್ ಜೋಡಿ ಕೌಂಟ್ ಅವತ್ತೇ ಇತ್ತು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಮ್ಯಾಕಿಂಟಾಷ್‌ಗೆ ಎಕ್ಸೆಲ್, 1987ರಲ್ಲಿ ವಿಂಡೋಸ್‌ಗೆ. ಹಲವು ಷರತ್ತು ಹಾಕಿ ಎಣಿಸುವ ಕೌಂಟ್‌ಇಫ್ಸ್ ಬಂದದ್ದು 2007ರಲ್ಲಿ.

ಈಗ ಕುಟುಂಬ ಪರಿಚಯ. ನಮ್ಮೆಲ್ಲರ ಜೀವಾ ತಿನ್ನೋ ಹಾಜರಿ ಪುಸ್ತಕ ತಗೊಳ್ರಿ. ಹಾಜರಿದ್ದ ದಿನ "ಹಾ", ಇಲ್ಲದ ದಿನ "ಗೈ", ಕ್ಲಾಸೇ ನಡೀದ ದಿನ ಖಾಲಿ.

ಕೌಂಟ್ ಹಾಕಿದ್ರ 0. ಯಾಕಂದ್ರ ಅಲ್ಲಿ ಅಕ್ಷರ ಅವ, ಸಂಖ್ಯೆ ಇಲ್ಲ.
ಕೌಂಟ್‌ಎ ಹಾಕಿದ್ರ ಏನರ ಬರೆದಿರೋ ಮನಿ ಎಷ್ಟು, ಅಂದ್ರ ನಡೆದ ಕ್ಲಾಸು.
ಕೌಂಟ್‌ಬ್ಲ್ಯಾಂಕ್ ಹಾಕಿದ್ರ ಖಾಲಿ ಮನಿ, ನಡೀದ ಕ್ಲಾಸು.
ಕೌಂಟ್‌ಇಫ್ ಒಳಗ "ಹಾ" ಅಂತ ಕೊಟ್ರ ನೀವು ಬಂದ ದಿನ.

ಬಂದ ದಿನ ಭಾಗಿಸು ನಡೆದ ಕ್ಲಾಸು, ಅದೇ ನಿಮ್ಮ 75 ಪರ್ಸೆಂಟ್. ಯಾರಾದ್ರೂ ಖಾಲಿ ಮನಿಯಾಗ ಒಂದು ಡ್ಯಾಶ್ ಅಥವಾ ಬರೀ ಒಂದು ಸ್ಪೇಸ್ ಹೊಡದ್ರ ಕೌಂಟ್‌ಎ ಅದನ್ನೂ ಎಣಿಸ್ತದ. ನಡೀದ ಕ್ಲಾಸು ನಡೆದಂಗ ಆಗ್ತದ, ನಿಮ್ಮ ಪರ್ಸೆಂಟ್ ಇಳೀತದ. ಕಣ್ಣಿಗೆ ಕಾಣದ ಒಂದು ಸ್ಪೇಸಿನಿಂದ ಹಾಲ್ ಟಿಕೆಟ್ ಹೋಗಬಹುದು.

ನಗಬ್ಯಾಡ್ರಿ. ಎಕ್ಸೆಲ್‌ನ ಹಳೇ ಫೈಲಿನಾಗ 65,536 ಸಾಲು ಅಷ್ಟೇ ಹಿಡೀತಿತ್ತು. 2007ರ ಮ್ಯಾಲ 10,48,576. 2020ರ ಕೋವಿಡ್ ಕಾಲಕ್ಕ ಇಂಗ್ಲೆಂಡಿನಾಗ ಹಳೇ ಮಾದರಿ ಫೈಲ್ ಬಳಸಿ, ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೇಸು ದಿನದ ಲೆಕ್ಕದಿಂದಲೇ ಬಿಟ್ಟುಹೋದವು. ಅವರ ಸಂಪರ್ಕಕ್ಕ ಬಂದವರಿಗೆ ಸುದ್ದಿ ತಡ ಆತು.

6/8
ಫೋಟೋ: ಸುರಪುರದ ಒಂದು ಹಳೇ ಬೋರ್ಡು

ಕೌಂಟ್‌ಇಫ್ ಭಾಳ ನಿಯತ್ತಿನ ಮನುಷ್ಯ. ನೀವು ಹೇಳಿದ್ದನ್ನಷ್ಟೇ ಹುಡುಕ್ತಾನ. ಅದೇ ಅವನ ತೊಂದರಿ.

ನಮ್ಮ ಕ್ಲಾಸಿನ ಒಂದು ಲಿಸ್ಟಿನಾಗ ಊರಿನ ಕಾಲಂ ಇತ್ತು. ಸುರಪುರದವರು ಎಷ್ಟು ಮಂದಿ ಅಂತ ಕೌಂಟ್‌ಇಫ್ ಹಾಕಿದೆ. 4 ಅಂದ. ಎದುರಿಗೇ ಒಂಬತ್ತು ಮಂದಿ ಕುಂತಾರ! ಹುಡುಕಿ ನೋಡಿದ್ರ ಒಬ್ಬ ಸುರಪುರ ಅಂತ ಬರದಾನ, ಒಬ್ಬಾಕಿ ಸುರಪೂರ, ಮತ್ತೊಬ್ಬ ಶೋರಾಪುರ. ಒಬ್ಬಂದು ಸರಿ ಇತ್ತು, ಕೊನಿಗೆ ಒಂದು ಸ್ಪೇಸ್ ಬಿದ್ದಿತ್ತು.

ತಪ್ಪು ಅವರದ್ದಂತೂ ಅಲ್ಲ. ಈ ಊರಿನ ಹೆಸರಿನ ಇತಿಹಾಸನೇ ಹಂಗದ. ಬ್ರಿಟಿಷರ ಕಾಗದದಾಗ ಸೋರಾಪುರ, ಶೋರಾಪುರ. ಈಗ ಸುರಪುರ. ಯಾದಗಿರಿಯನ್ನ ಇಂಗ್ಲಿಷಿನಾಗ ಬರೆದು ಯಾದಗಿರ್ ಮಾಡ್ಯಾರ. ಶಹಾಪುರದಾಗ "ಹ"ಕ್ಕ ದೀರ್ಘ ಬೇಕೋ ಬ್ಯಾಡೋ ಅಂತ ಬಸ್ಸಿನ ಬೋರ್ಡಿಗೂ ಒಂದೊಂದು ಅಭಿಪ್ರಾಯ. 2014ರ ನವೆಂಬರ್ 1ಕ್ಕ ಗುಲ್ಬರ್ಗಾ ಕಲಬುರಗಿ ಆತು. ನಮ್ಮ ಅಣ್ಣಂದಿರ ಮಾರ್ಕ್ಸ್ ಕಾರ್ಡಿನಾಗ ಒಂದು, ನಮ್ಮದರಾಗ ಇನ್ನೊಂದು. ಮನುಷ್ಯರಿಗೆ ಒಂದೇ ಊರು, ಮಷೀನಿಗೆ ಎರಡು.

ಜಾಣತನ ಮಾಡಿ ನಕ್ಷತ್ರದ ಗುರುತು ಹಾಕಿದೆ, "*ಪುರ*" ಅಂತ. ಹಿಂದ ಮುಂದ ಏನಿದ್ರೂ ಸರಿ, ನಡುವ "ಪುರ" ಇದ್ರ ಎಣಿಸು ಅಂತ ಅರ್ಥ. ಶಹಾಪುರದವರೂ ಬಂದು ಕೂಡಿಬಿಟ್ರು!

ಪರಿಹಾರ ಸರಳ. ಎಣಿಸೋಕಿಂತ ಮೊದಲು ಒಂದು ಹೆಸರು ನಿಶ್ಚಯ ಮಾಡ್ರಿ. ಟ್ರಿಮ್ ಹಾಕಿ ಹೆಚ್ಚಿನ ಸ್ಪೇಸ್ ತೆಗೀರಿ. ಫಿಲ್ಟರ್ ತೆರೆದು ಎಷ್ಟು ಥರದ ಕಾಗುಣಿತ ಅವ ಅಂತ ಕಣ್ಣಿಂದ ನೋಡ್ರಿ. ಆಮ್ಯಾಲ ಕೌಂಟ್‌ಇಫ್. ಯಾವುದು ಯಾವುದಕ್ಕ ಸಮ ಅಂತ ಹೇಳೋ ಕೆಲಸ ಮಷೀನ್ ಮಾಡಂಗಿಲ್ಲ. ಅದು ಊರು ಗೊತ್ತಿದ್ದವರ ಕೆಲಸ.

7/8
ಫೋಟೋ: ನನ್ನ 371(ಜೆ) ಸರ್ಟಿಫಿಕೇಟಿನ ಮೂಲೆ

ಈಗ ನಮ್ಮ ಮೂರು ತಾಲ್ಲೂಕಿನ ಮೇಲೆ ನಡೆದ ದೊಡ್ಡ ಎಣಿಕೆ.

ಕರ್ನಾಟಕದಲ್ಲಿ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ಕಂಡುಹಿಡಿಯಲು ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2002ರಲ್ಲಿ ವರದಿ ಬಂತು. ಆಗ ರಾಜ್ಯದಲ್ಲಿ 175 ತಾಲ್ಲೂಕು. ಕೃಷಿ, ಕೈಗಾರಿಕೆ, ರಸ್ತೆ, ಆರೋಗ್ಯ, ಶಿಕ್ಷಣ ಎಲ್ಲ ಸೇರಿ 35 ಸೂಚಕ. ಎಲ್ಲವನ್ನೂ ಸೇರಿಸಿ ಪ್ರತಿ ತಾಲ್ಲೂಕಿಗೆ ಒಂದು ಅಂಕಿ. ರಾಜ್ಯದ ಸರಾಸರಿ 1. ಒಂದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು.

ಇದನ್ನು ಶೀಟಿಗೆ ಹಾಕ್ಕೊಳ್ರಿ. ಎ ಕಾಲಂನಲ್ಲಿ ತಾಲ್ಲೂಕು, ಬಿ ಕಾಲಂನಲ್ಲಿ ಅಂಕಿ, 2ನೇ ಸಾಲಿನಿಂದ 176ನೇ ಸಾಲಿನ ತನಕ.

=ಕೌಂಟ್‌ಇಫ್(ಬಿ2:ಬಿ176,"<1")

ಉತ್ತರ 114. ಅಂದರೆ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ತಾಲ್ಲೂಕು. ಈ 114ನ್ನು ಮತ್ತೆ ಮೂರು ಗೂಡಿಗೆ ಹಾಕಿದರು. 0.89ರಿಂದ 0.99 ಹಿಂದುಳಿದ, 35 ತಾಲ್ಲೂಕು. 0.80ರಿಂದ 0.88 ಅತಿ ಹಿಂದುಳಿದ, 40. ಅದಕ್ಕೂ ಕೆಳಗೆ ಅತ್ಯಂತ ಹಿಂದುಳಿದ, 39.

ನಡುವಿನ ಗೂಡಿಗೆ ಎರಡು ಷರತ್ತು ಬೇಕು:

=ಕೌಂಟ್‌ಇಫ್ಸ್(ಬಿ2:ಬಿ176,">=0.80",ಬಿ2:ಬಿ176,"<=0.88")

ಉತ್ತರ 40. ಪರೀಕ್ಷೆಯಾಗ ಉದಾಹರಣೆ ಕೇಳಿದ್ರ ಇದನ್ನೇ ಬರೀರಿ.

ಯಾದಗಿರಿ, ಶಹಾಪುರ, ಸುರಪುರ ಎಲ್ಲಿದ್ದವು? ಮೂರೂ ಕೊನೆಯ ಗೂಡಿನಲ್ಲಿ, ಆ 39ರೊಳಗೆ. ಆಗ ಯಾದಗಿರಿ ಬೇರೆ ಜಿಲ್ಲೆಯೂ ಆಗಿರಲಿಲ್ಲ, ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕು.

ಓದಿದಾಗ ಮೊದಲು ನಾಚಿಕಿ ಅನಿಸ್ತು. ಆಮ್ಯಾಲ ತಿಳೀತು. ಜಿಲ್ಲಾ ಸರಾಸರಿ ತಗೊಂಡಿದ್ರ ಕಲಬುರಗಿ ಪಟ್ಟಣದ ಕಾಲೇಜು, ಆಸ್ಪತ್ರಿ ಎಲ್ಲ ನಮ್ಮ ಲೆಕ್ಕಕ್ಕ ಬಂದು ನಮ್ಮ ಬಡತನ ಮುಚ್ಚಿಹೋಗ್ತಿತ್ತು. ತಾಲ್ಲೂಕು ತಾಲ್ಲೂಕು ಬೇರೆ ಎಣಿಸಿದ್ದಕ್ಕ ನಾವು ಕಂಡ್ವಿ. ನಮ್ಮ ಹಿರಿಯರು ವರ್ಷಗಟ್ಟಲೆ ಹೋರಾಡುವಾಗ "ಹಿಂದುಳಿದೀವಿ" ಅನ್ನೋದು ಬರೀ ಬಾಯಿ ಮಾತಾಗಿ ಉಳೀಲಿಲ್ಲ, ಕೈಯಾಗ ಅಂಕಿ ಇತ್ತು. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿ, 371(ಜೆ). ಇವತ್ತು ಸೀಟಿಗೆ, ನೌಕರಿಗೆ ನಾವು ಹಿಡ್ಕೊಂಡು ಓಡಾಡೋ ಆ ಸರ್ಟಿಫಿಕೇಟು.

8/8
ಫೋಟೋ: ತಿದ್ದಿದ ಶೀಟು

2011ರ ಜನಗಣತಿ ಪ್ರಕಾರ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆ 51.83 ಪರ್ಸೆಂಟ್. ರಾಜ್ಯದಾಗ ಎಲ್ಲಕ್ಕಿಂತ ಕಡಿಮಿ. ಪ್ರತಿ ಭಾಷಣದಾಗ ಈ ಅಂಕಿ ಕೇಳೀವಿ. ಆದ್ರ ಅದನ್ನ ಹ್ಯಾಂಗ ತೆಗೀತಾರ? ಜನಗಣತಿಯಲ್ಲಿ ಸಾಕ್ಷರತೆಗೆ 7 ವರ್ಷ ಮತ್ತು ಮೇಲಿನವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಮ್ಯಾಲಿನ ಅಂಕಿಗೆ ಕೌಂಟ್‌ಇಫ್ಸ್: ವಯಸ್ಸು 7 ಅಥವಾ ಹೆಚ್ಚು, ಓದು ಬರಹ "ಹೌದು". ಕೆಳಗಿನ ಅಂಕಿಗೆ ಕೌಂಟ್‌ಇಫ್: ವಯಸ್ಸು 7 ಅಥವಾ ಹೆಚ್ಚು. ತೊಟ್ಟಿಲದಾಗಿನ ಕೂಸನ್ನ "ನಿರಕ್ಷರಿ" ಅಂತ ಎಣಿಸೋದು ಅನ್ಯಾಯ ಅಲ್ಲೇನು? ಯಾರನ್ನ ಕೆಳಗ ಇಡಬೇಕು ಅಂತ ಮೊದಲು ನಿಶ್ಚಯ ಆಗಬೇಕು. ನಾ ಎಡವಿದ್ದೂ ಅಲ್ಲೇ. 49 ಇರಬೇಕಾದಲ್ಲಿ 60 ಇಟ್ಟಿದ್ದೆ.

2011ರಲ್ಲಿ ಎಣಿಕೆದಾರರು ಮನಿ ಮನಿಗೆ ಬಂದದ್ದು ಫೆಬ್ರುವರಿ 9ರಿಂದ 28ರ ತನಕ. ಮುಂದಿನ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1 ಅಂತ ಕೇಂದ್ರ ಸರ್ಕಾರ ಪ್ರಕಟಿಸ್ಯಾದ. ಈ ಸಲ ಮೊಬೈಲ್ ಆ್ಯಪ್‌ನಾಗ. ಫೆಬ್ರುವರಿ ಅಂದ್ರ ತೊಗರಿ ರಾಶಿ ಮುಗಿದು ನಮ್ಮ ಮಂದಿ ಊರು ಬಿಡೋ ಕಾಲ. ಕೀಲಿ ಬಿದ್ದ ಮನಿಯವರನ್ನ ಅವರು ದುಡೀತಿರೋ ಊರಾಗ, ಆ ಶೆಡ್ಡಿನಾಗ ಎಣಿಸಬೇಕು. ಅದಕ್ಕ ನಿಮ್ಮ ಮನಿಯವರು ಹೊರಗ ದುಡೀತಿದ್ರ ಒಂದು ಫೋನ್ ಹಚ್ಚಿ ಹೇಳ್ರಿ: "ಎಣಿಸಾಕ ಬಂದವರಿಗೆ ಹೆಸರು ಬರೆಸ್ರಿ. ಮಕ್ಕಳ ಹೆಸರೂ ಬರೆಸ್ರಿ."

ನಾ ಶೀಟ್ ತಿದ್ದಿದೆ. 11 ಸೊನ್ನೆ ಅಳಿಸಿದೆ. ಪಕ್ಕಕ್ಕ ಹೊಸ ಕಾಲಂ ಮಾಡಿ "ಮನಿಗೆ ಕೀಲಿ, ಗುಳೆ" ಅಂತ ಬರದೆ. ಕೆಳಗ ಮೂರು ಸಾಲು: ಕೇಳಿದ ಮನಿ 60, ಉತ್ತರ ಸಿಕ್ಕ ಮನಿ 49, ಕೌಂಟ್‌ಬ್ಲ್ಯಾಂಕ್ 11. ಸರ್ ನೋಡಿ, "ಈಗ ಇದು ವರದಿ ಆತು. ಆ 11ರ ಮ್ಯಾಲ ಒಂದು ಪುಟ ಬರಿ" ಅಂದ್ರು.

ಅವತ್ತು ಸಂಜಿಗೆ ಅತ್ತಿಗೆ ಫೋನ್ ಮಾಡಿದೆ. "ಅತ್ತಿ, ಹುಡುಗ್ರು ಶಾಲಿಗೆ ಹೋಗ್ತಾರೇನು?" ಅಂದೆ. "ಸಣ್ಣಾಂವ ಇಲ್ಲೇ ಹತ್ರ ಸರ್ಕಾರಿ ಶಾಲಿಗೆ ಹೋಗ್ತಾನಪಾ. ದೊಡ್ಡಾಕಿನ ಹಚ್ಚಿಲ್ಲ, ನಾ ಕೆಲಸಕ್ಕ ಹೋದ್ರ ಅಡಿಗಿ ಯಾರು ಮಾಡಬೇಕು" ಅಂದಳು.

ಖಾಲಿ ಮನಿಯೊಳಗ ಒಂದು "1" ಇತ್ತು, ಶಾಲಿ ಬಿಟ್ಟ ಒಬ್ಬ ಹುಡುಗಿ ಇದ್ಲು. ನಾ ಹೊಡೆದ ಸೊನ್ನೆ ಇಬ್ಬರನ್ನೂ ಮುಚ್ಚಿತ್ತು. ಆಕಿ ಟಿಸಿ ತರಿಸೋದರ ಬಗ್ಗೆ ಈಗ ಊರಿನ ಶಾಲಿ ಹೆಡ್‌ಮಾಸ್ತರ ಜೋಡಿ ಮಾತಾಡ್ತಿದ್ದೀನಿ.

ನಿಮ್ಮ ಓಣಿಯಾಗ ಈಗ ಕೀಲಿ ಬಿದ್ದ ಮನಿ ಎಷ್ಟವ? ಎಣಿಸಿ ಕಮೆಂಟಿನಾಗ ಅಂಕಿ ಅಷ್ಟೇ ಬರೀರಿ, ಹೆಸರು ಬ್ಯಾಡ. ಒಂದೂ ಇಲ್ಲ ಅಂದ್ರ 0 ಬರೀರಿ. ನೋಡಿಲ್ಲ ಅಂದ್ರ ಖಾಲಿ ಬಿಡ್ರಿ.

#ಯಾದಗಿರಿ #ಶಹಾಪುರ #ಸುರಪುರ #ಬಿಕಾಂ #ಎಣಿಕೆಯಕಥೆ